ಕೌದಿ ಹೊಲಿಯುವಾಗ ದಾರ ತುಂಡಾಗುತ್ತಿದ್ದರೆ

ಮಶೀನಿಗೆ ರೇಯಾನ್ ಎಂಬ್ರಾಯ್ಡರಿ ದಾರ ಹಾಕಿ ಕೌದಿ ಹೊಲಿಯುವಾಗ ದಾರ ತುಂಡಾಗುತ್ತಿದೆ ಅಂತ ಕೇಳಿದ್ದೀರಿ. ಕಾರಣ ಆ ರೇಯಾನ್ ದಾರವೇ ಇರಬೇಕು. ಹೊಳಪು ಚೆನ್ನಾಗಿರುತ್ತದೆ, ಆದರೆ ಬಲ ಕಡಿಮೆ. ಹಳೇ ಕಾಟನ್ ಸೀರೆಯ ನಾಲ್ಕು ಪದರ ಅಂದಿರಿ, ಅದೂ ಮಗು ದಿನಾ ಹೊದ್ದು ಒಗೆಯುವ ಕೌದಿ. ಅದಕ್ಕೆ ಈ ದಾರ ಬೇಡ.

ಮೊದಲು ಹೊಸ 14 ನಂಬರ್ ಸೂಜಿ ಹಾಕಿ. ಆಮೇಲೆ 40 ಅಥವಾ 50 ವೇಟ್‌ನ (ದಾರದ ದಪ್ಪ ಹೇಳುವ ನಂಬರ್) ಕಾಟನ್ ದಾರ ತನ್ನಿ. ಈ ವೇಟ್ ನಂಬರ್ ಜಾಸ್ತಿಯಾದಷ್ಟೂ ದಾರ ತೆಳು, ನೆನಪಿರಲಿ. ಚಿಕ್ಕಪೇಟೆಗೆ ಹೋದರೆ ಸುಮ್ನೆ ಬಣ್ಣ ನೋಡಿ ತರಬೇಡಿ. ಒಂದು ಎಳೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಮೈಮೇಲೆ ನಾರು ಎದ್ದಿದ್ದರೆ ಬಿಟ್ಟುಬಿಡಿ, ಆ ಧೂಳೆಲ್ಲ ಬಾಬಿನ್ (ಕೆಳಗಿನ ದಾರ ಸುತ್ತಿದ ಉರುಳೆ) ಕೆಳಗೆ ಕೂರುತ್ತದೆ. ಒಳ್ಳೆ ಕಾಟನ್ ಸಿಗದಿದ್ದರೆ ಪಾಲಿಯೆಸ್ಟರ್ ಆಗುತ್ತದೆ, ಗಟ್ಟಿ ಬರುತ್ತದೆ. ಕೈಹೊಲಿಗೆಗೆಂದು ಮಾರುವ ಮೇಣ ಸವರಿದ ದಾರವನ್ನು ಮಾತ್ರ ಮಶೀನಿಗೆ ಹಾಕಲೇಬೇಡಿ.

ಮೇಲಿನ ದಾರದ ಟೆನ್ಷನ್ (ಬಿಗಿತ) ಸ್ವಲ್ಪ ಸಡಿಲಿಸಿ. ಅದೇ ಸೀರೆಯ ಚೂರುಗಳನ್ನು ನಾಲ್ಕು ಪದರ ಮಾಡಿ ಒಂದು ಗೇಣು ಹೊಲಿದು ನೋಡಿ. ಕೆಳಗಿನ ದಾರ ಮೇಲೆ ಚುಕ್ಕಿ ಚುಕ್ಕಿಯಾಗಿ ಕಂಡರೆ ಟೆನ್ಷನ್ ಇನ್ನೂ ಬಿಗಿ ಇದೆ ಅಂತ.

ನಿಮ್ಮ ಮಶೀನ್ ನೋಡದೆ ಹೇಳುತ್ತಿದ್ದೇನೆ. ಇಷ್ಟಾದರೂ ತುಂಡಾದರೆ, ಸೂಜಿ ಇಳಿಯುವ ತಟ್ಟೆಯ ತೂತಿನ ಅಂಚಿಗೆ ಬೆರಳಾಡಿಸಿ. ಒರಟು ತಾಗಿದರೆ ತಟ್ಟೆ ಬದಲಿಸಿ.