ಪ್ಯಾಡ್ ಹೊಡೆದ ಮೇಲೆ ಸದ್ದು ತಡವಾಗಿ ಬರ್ತಿದ್ರೆ

ಎಲೆಕ್ಟ್ರಾನಿಕ್ ಡ್ರಮ್ಮಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹಾಕಿದ ಮೇಲೆ ಹೊಡೆತಕ್ಕೂ ಸದ್ದಿಗೂ ಅಂತರ ಬರ್ತಿದೆ, ಕೆಲವು ಪ್ಯಾಡ್‌ಗಳಲ್ಲಿ ಬೇರೆಯೇ ವಾದ್ಯ ಕೇಳ್ತಿದೆ ಅಂದಿದ್ದೀರಿ. ಪ್ಯಾಡ್ ಕೆಟ್ಟಿಲ್ಲ, ಹೆದರಬೇಡಿ.

ಸಾಮಾನ್ಯವಾಗಿ ಆ ಕೇಬಲ್‌ನಲ್ಲಿ ಹೋಗೋದು ಸದ್ದಲ್ಲ, ಮಿಡಿ ಸಂದೇಶ: ಯಾವ ಪ್ಯಾಡ್, ಎಷ್ಟು ಜೋರು ಅನ್ನೋದಷ್ಟೇ. ಸದ್ದು ಹುಟ್ಟೋದು ಕಂಪ್ಯೂಟರ್‌ನಲ್ಲಿ. ಹಾಗಾಗಿ ಹೆಡ್‌ಫೋನನ್ನು ಮಾಡ್ಯೂಲ್‌ಗಲ್ಲ (ಪ್ಯಾಡ್‌ಗಳ ತಂತಿ ಸೇರೋ ಡ್ರಮ್ಮಿನ ಪೆಟ್ಟಿಗೆ), ಕಂಪ್ಯೂಟರಿಗೆ ಅಥವಾ ಅದಕ್ಕೆ ಜೋಡಿಸೋ ಆಡಿಯೋ ಇಂಟರ್‌ಫೇಸ್ ಅನ್ನೋ ಸದ್ದಿನ ಪೆಟ್ಟಿಗೆಗೆ ಚುಚ್ಚಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಅದೊಂದೇ ಸಾಕು ತಾಳ ಕೆಡಿಸೋಕೆ.

ಇನ್ನು ಬಫರ್, ಅಂದ್ರೆ ಸದ್ದು ಹೊರಬಿಡೋ ಮುಂಚೆ ಕಂಪ್ಯೂಟರ್ ಕೂಡಿಟ್ಟುಕೊಳ್ಳೋ ಸದ್ದಿನ ತುಣುಕು; ಇದನ್ನು ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. 44,100 ಹರ್ಟ್ಸ್ ಸ್ಯಾಂಪಲ್ ದರದಲ್ಲಿ 1024 ಸ್ಯಾಂಪಲ್ ಇಟ್ಟರೆ ಬಫರ್‌ನಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ, 128ಕ್ಕೆ ಇಳಿಸಿದ್ರೆ 3ರ ಆಸುಪಾಸು. ವಿಂಡೋಸ್ ಆದ್ರೆ ಮೊದಲು ಎಎಸ್‌ಐಒ (ಸದ್ದಿನ ತಡ ಕಡಿಮೆ ಮಾಡೋ) ಡ್ರೈವರ್ ಆರಿಸಿ, ಆಮೇಲೆ ಬಫರ್ ಇಳಿಸಿ. ಸದ್ದು ಚಟಪಟ ಅಂತ ಒಡೆದು ಬಂದ್ರೆ 256ಕ್ಕೆ ಏರಿಸಿ.

ಬೇರೆ ವಾದ್ಯ ಕೇಳೋದು ಪ್ಯಾಡ್ ಕಳಿಸೋ ನೋಟ್ ಸಂಖ್ಯೆ (ಯಾವ ಪ್ಯಾಡ್ ಅಂತ ಹೇಳೋ ಮಿಡಿ ಸಂಖ್ಯೆ) ಸಾಫ್ಟ್‌ವೇರಿನದಕ್ಕೆ ಹೊಂದದೆ ಇರೋದ್ರಿಂದ. ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಸಾಮಾನ್ಯವಾಗಿ 36, ಸ್ನೇರ್ ಡ್ರಮ್ 38. ಸಾಫ್ಟ್‌ವೇರಿನ ಮ್ಯಾಪಿಂಗ್‌ನಲ್ಲಿ (ಯಾವ ಸಂಖ್ಯೆಗೆ ಯಾವ ವಾದ್ಯ ಅನ್ನೋ ಪಟ್ಟಿ) ನಿಮ್ಮ ಮಾಡ್ಯೂಲ್ ಹೆಸರಿದ್ರೆ ಅದನ್ನೇ ಆರಿಸಿ. ಇಲ್ದಿದ್ರೆ ಸಾಫ್ಟ್‌ವೇರಿನಲ್ಲಿ ಒಂದೊಂದು ವಾದ್ಯ ಆರಿಸಿ, ಲರ್ನ್ (ಕಲಿ) ಒತ್ತಿ ಅದರ ಪ್ಯಾಡ್ ಹೊಡೀರಿ. ಹೈ-ಹ್ಯಾಟನ್ನು (ಪೆಡಲ್‌ನಿಂದ ತೆರೆದು ಮುಚ್ಚೋ ಜೋಡಿ ತಾಳ) ಕೊನೆಗೆ ಇಟ್ಕೊಳ್ಳಿ: ಪೆಡಲ್ ಸ್ಥಾನ ಬರೋದು ಹೆಚ್ಚಾಗಿ ಕಂಟ್ರೋಲರ್ 4 ಅನ್ನೋ ಬೇರೆ ಮಿಡಿ ಸಂದೇಶದಲ್ಲಿ, ಅದು ತಿರುಗುಮುರುಗಾಗಿದ್ರೆ ಮುಚ್ಚಿದಾಗ ತೆರೆದ ಸದ್ದು ಬರುತ್ತೆ.