ಮಗಳಿಗೆ ಡಿಫರ್ ಆಗಿದೆ, ಎಸ್‌ಎಟಿ ಅಂಕವೂ ಕಡಿಮೆ. ಈಗ ಏನು ಮಾಡೋದು?

ನಿಮ್ಮ ಪ್ರಶ್ನೆ ಓದಿ ಸಂಕಟ ಆಯ್ತು. ಮಗಳು ನ್ಯೂಜೆರ್ಸಿಯಲ್ಲಿ ಹನ್ನೆರಡನೇ ಕ್ಲಾಸ್. ಇಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯೋ ಎಸ್‌ಎಟಿ ಪರೀಕ್ಷೆಯಲ್ಲಿ ಆಗಸ್ಟ್‌ನಲ್ಲಿ 1600ಕ್ಕೆ 1350 ಬಂದಿತ್ತು, ಡಿಸೆಂಬರ್‌ನಲ್ಲಿ ಮತ್ತೆ ಬರೆದು 1500 ದಾಟ್ತೀನಿ ಅಂದುಕೊಂಡಿದ್ದಳು, 1380ಕ್ಕೆ ನಿಂತಿತು. ಅದೇ ವಾರ ಅರ್ಲಿ ಆಕ್ಷನ್‌ನಲ್ಲಿ, ಅಂದರೆ ಎಲ್ಲರಿಗಿಂತ ಮುಂಚೆ ಹಾಕೋ ಸುತ್ತಿನಲ್ಲಿ, ಅರ್ಜಿ ಹಾಕಿದ್ದ ಇಷ್ಟದ ಯೂನಿವರ್ಸಿಟಿ ಡಿಫರ್ ಮಾಡಿತು, ಅಂದರೆ ಹೌದೂ ಅನ್ನದೆ ಇಲ್ಲವೂ ಅನ್ನದೆ ತೀರ್ಮಾನ ಮುಂದಕ್ಕೆ ಹಾಕಿತು. ಅವಳು ರೂಮಿಂದ ಹೊರಗೆ ಬರ್ತಿಲ್ಲ, ನಿಮಗೆ ನಿದ್ದೆ ಇಲ್ಲ, ಬೆಂಗಳೂರಿಂದ ಅಜ್ಜಿ ಫೋನ್ ಮಾಡಿದರೆ ಏನು ಹೇಳಲಿ ಅಂತ ಕೇಳಿದ್ದೀರಿ. ನಾನು ಶಿಕಾಗೊ ಹತ್ತಿರ ಇದ್ದೀನಿ. ನಮ್ಮ ಮಗನಿಗೂ ಹೀಗೇ ಆಗಿತ್ತು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಈ ಎರಡು ಸುದ್ದಿಯನ್ನು ಬೇರೆ ಬೇರೆ ಮಾಡಿ ನೋಡಿ. ಒಂದೇ ವಾರ ಬಂದವು ಅಂತ ಮನಸ್ಸು ಒಂದಕ್ಕೊಂದು ಗಂಟು ಹಾಕುತ್ತೆ. ಆದರೆ ನೀವೇ ಬರೆದಿರೋ ಪ್ರಕಾರ ಅರ್ಜಿ ಹೋಗಿದ್ದು ನವೆಂಬರ್ 1ಕ್ಕೆ. ಡಿಸೆಂಬರ್ ಪರೀಕ್ಷೆಯ ಅಂಕ ಅವರ ಕೈಯಲ್ಲಿ ಇರಲೇ ಇಲ್ಲ. ಅವಳು 'ನಾನು ಆ ದಿನ ಚೆನ್ನಾಗಿ ಬರೆದಿದ್ದರೆ' ಅಂತ ಕೊರಗ್ತಾ ಇದ್ದರೆ, ಇದನ್ನು ಅವಳಿಗೆ ತಾರೀಖು ಸಮೇತ ಹೇಳಿ. ಸಮಾಧಾನದ ಮಾತಿಗಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಡಿಫರ್ ಆದ ಫೈಲು ಮುಚ್ಚಿಹೋಗಿಲ್ಲ. ಜನವರಿಯಲ್ಲಿ, ಅಂದರೆ ರೆಗ್ಯುಲರ್ ಸುತ್ತಿನಲ್ಲಿ, ಅರ್ಜಿ ಹಾಕುವವರ ಜೊತೆ ಅದನ್ನು ಮತ್ತೆ ಓದುತ್ತಾರೆ, ಮಾರ್ಚ್ ಕೊನೆ ಹೊತ್ತಿಗೆ ಉತ್ತರ ಹೇಳುತ್ತಾರೆ. ಎಷ್ಟೋ ಜನಕ್ಕೆ ಆಗಲೂ ಇಲ್ಲ ಅಂತಲೇ ಬರುತ್ತೆ, ಅದನ್ನೂ ಹೇಳಲೇಬೇಕು. ನಮ್ಮ ಮಗನಿಗೆ ಹಾಗೇ ಆಯ್ತು. ಈಗ ಅವನು ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಓದ್ತಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಆದ್ದರಿಂದ 'ಖಂಡಿತ ಸಿಗುತ್ತೆ ಬಿಡು' ಅಂತ ಮಾತ್ರ ಮಗಳಿಗೆ ಹೇಳಬೇಡಿ. ಮಾರ್ಚ್‌ನಲ್ಲಿ ಅದು ಸುಳ್ಳಾದರೆ ಎರಡನೇ ಪೆಟ್ಟು ಮೊದಲನೆಯದಕ್ಕಿಂತ ಜೋರಾಗಿ ಬೀಳುತ್ತೆ.

ನಮ್ಮಂಥ ಅಪ್ಪ ಅಮ್ಮಂದಿರಿಗೆ ಇದು ಇಷ್ಟು ಕಷ್ಟ ಆಗೋಕೆ ಒಂದು ಕಾರಣ ಇದೆ ಅಂತ ನನಗೆ ಅನ್ನಿಸುತ್ತೆ. ನಾವು ಸಿಇಟಿಯಿಂದ ಬಂದವರು. ಕರ್ನಾಟಕದಲ್ಲಿ 1994ರಿಂದ ಲಕ್ಷಗಟ್ಟಲೆ ಮನೆಗಳಲ್ಲಿ ಮಕ್ಕಳ ದಾರಿ ನಿರ್ಧಾರ ಆಗಿದ್ದು ಒಂದು ರ‍್ಯಾಂಕಿನಿಂದ. ಪಟ್ಟಿ ಬರೋದು, ಆ ನಂಬರ್ ಹಿಡ್ಕೊಂಡು ಕೌನ್ಸೆಲಿಂಗ್‌ಗೆ ಹೋಗೋದು, ನಮ್ಮ ಸರದಿ ಬರೋ ಹೊತ್ತಿಗೆ ಯಾವ ಸೀಟು ಉಳಿದಿದೆಯೋ ಅದರಲ್ಲಿ ಒಂದನ್ನು ಆರಿಸಿಕೊಳ್ಳೋದು. ನಂಬರ್ ಕೆಟ್ಟದಾಗಿದ್ದರೆ ಅಲ್ಲಿಗೆ ಮುಗೀತು, ಯಾಕೆ ಅಂತ ಕೇಳೋದೂ ಬೇಕಿರಲಿಲ್ಲ, ಕಾರಣ ಕಣ್ಣೆದುರಿಗೇ ಇರ್ತಿತ್ತು. ಇಲ್ಲಿ ಹಾಗಿಲ್ಲ. ನಾಲ್ಕು ವರ್ಷದ ಗ್ರೇಡು, ಯಾವ ಯಾವ ಕಷ್ಟದ ಸಬ್ಜೆಕ್ಟ್ ತಗೊಂಡಳು, ಪ್ರಬಂಧ, ಟೀಚರ್ ಬರೆದ ಪತ್ರ, ಆ ವರ್ಷ ಆ ವಿಭಾಗಕ್ಕೆ ಎಷ್ಟು ಜನ ಬೇಕು, ಎಲ್ಲ ಸೇರಿಸಿ ಕೂತು ಓದಿ ನಿರ್ಧಾರ ಮಾಡ್ತಾರೆ, ಕಾರಣ ಮಾತ್ರ ಯಾರಿಗೂ ಹೇಳೋದಿಲ್ಲ. ನಮಗೋ ಕಾರಣ ಬೇಕೇ ಬೇಕು. ಕೈಗೆ ಸಿಗೋದು ಆ ಒಂದು ಅಂಕ. ಸರಿ, ಅದನ್ನೇ ಹಿಡ್ಕೊಂಡು ಮಗುವನ್ನು ಕೇಳ್ತೀವಿ. ದಯವಿಟ್ಟು ಅದೊಂದು ಮಾಡಬೇಡಿ. ಉತ್ತರ ಅವಳ ಹತ್ತಿರವೂ ಇಲ್ಲ.

ನಮ್ಮವನು ಆ ಪತ್ರ ನೋಡಿದ್ದು ಕಾರಿನಲ್ಲಿ, ನಾನು ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸ್‌ನಿಂದ ಕರ್ಕೊಂಡು ಬರುವಾಗ. ಓದಿ ಫೋನನ್ನು ಮಂಡಿ ಮೇಲೆ ಬೋರಲು ಹಾಕಿ ಕಿಟಕಿ ಕಡೆ ತಿರುಗಿದ. ಮನೆ ತಲುಪೋವರೆಗೆ ನಾನೂ ಏನೂ ಕೇಳಲಿಲ್ಲ. ಅಮ್ಮ ದೋಸೆ ಹಾಕಿಕೊಟ್ಟಳು, ಒಂದು ತಿಂದು ಎದ್ದ. ಆಮೇಲೆ ಕೆಲವು ದಿನ ಮನೆಯಲ್ಲಿ ಕಾಲೇಜಿನ ಮಾತೇ ತೆಗೆಯಬಾರದು ಅಂತ ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ಕೊನೆಗೆ ಒಂದು ಭಾನುವಾರ ಅವನೇ ಬಂದು 'ಏನೇನು ಮಾಡಬಹುದು, ಕೂತು ನೋಡೋಣ' ಅಂದ. ನಿಮ್ಮ ಮಗಳಿಗೂ ಆ ಬಿಡುವು ಕೊಡಿ. ಆದರೆ ಊಟ, ನಿದ್ದೆ ಬಿಟ್ಟಿರೋದು ಹಾಗೇ ಮುಂದುವರಿದರೆ, ಬದುಕೇ ಬೇಡ ಅನ್ನೋ ಥರದ ಮಾತು ಬಂದರೆ, ಕಾಯಬೇಡಿ. ಶಾಲೆಯ ಕೌನ್ಸೆಲರ್ ಅಥವಾ ನಿಮ್ಮ ಡಾಕ್ಟರ್ ಹತ್ತಿರ ಆ ದಿನವೇ ಮಾತಾಡಿ. ಇಂಥ ಹೊತ್ತಿಗೇ ಇರೋ ಇಲ್ಲಿನ ಸಹಾಯವಾಣಿ 988 ನಂಬರ್‌ಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಮೆಸೇಜ್ ಕೂಡ ಕಳಿಸಬಹುದು.

ಈಗ ಅಂಕದ ವಿಷಯ. 1380 ಕೆಟ್ಟ ಅಂಕ ಅಲ್ವೇ ಅಲ್ಲ. ದೇಶದ ಸರಾಸರಿ 1030ರ ಆಸುಪಾಸಿನಲ್ಲಿದೆ. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ 1550 ಬಂದವರು ಮಾತ್ರ ಹಾಕ್ತಾರೆ, ಉಳಿದವರು ಸುಮ್ನೆ ಇರ್ತಾರೆ, ಅದಕ್ಕೇ ಎಲ್ಲರಿಗೂ 1550 ಬಂದ ಹಾಗೆ ಕಾಣೋದು. ಮನೆಯ ಪ್ರಾಕ್ಟೀಸ್ ಟೆಸ್ಟ್‌ನಲ್ಲಿ 1480 ಬರ್ತಿತ್ತು, ಅಲ್ಲಿ ಯಾಕೆ ಇಳೀತು ಅಂತ ಕೇಳಿದ್ದೀರಿ. ಈಗಿನ ಡಿಜಿಟಲ್ ಪರೀಕ್ಷೆಯಲ್ಲಿ ಗಣಿತಕ್ಕೂ ಓದು-ಬರಹಕ್ಕೂ ಎರಡೆರಡು ಭಾಗ ಇದೆ. ಮೊದಲ ಭಾಗ ಹೇಗೆ ಮಾಡಿದಳು ಅನ್ನೋದರ ಮೇಲೆ ಎರಡನೇದು ಕಷ್ಟದ್ದು ಬರುತ್ತೋ ಸುಲಭದ್ದು ಬರುತ್ತೋ ನಿರ್ಧಾರ ಆಗುತ್ತೆ. ಸುಲಭದ್ದು ಬಂದರೆ ಅದರಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಮೇಲಿನ ಅಂಕಕ್ಕೆ ಹೋಗೋಕೆ ಆಗಲ್ಲ. ಅಂದರೆ ಶುರುವಿನ ಅರ್ಧ ಗಂಟೆ ಗಾಬರಿ ಆದರೆ ಅದರ ಬೆಲೆ ಜಾಸ್ತಿ. ಅವಳಿಗೂ ಹಾಗೇ ಆಗಿರಬಹುದು.

ಮತ್ತೆ ಬರೆಸಲೇ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಬೇಡ. ಮುಂದಿನ ಪರೀಕ್ಷೆ ಮಾರ್ಚ್‌ನಲ್ಲಿ, ಅದರ ಅಂಕ ಬರೋ ಹೊತ್ತಿಗೆ ಹೆಚ್ಚಿನ ಕಡೆ ಫಲಿತಾಂಶವೇ ತಯಾರಾಗಿರುತ್ತೆ. ಆ ಯೂನಿವರ್ಸಿಟಿಯೇ ಮಾರ್ಚ್ ಅಂಕ ತಗೋತೀವಿ ಅಂತ ಬರೆದಿದ್ದರೆ ಮಾತ್ರ ಯೋಚನೆ ಮಾಡಿ. ಈಗ ಮುಖ್ಯವಾಗಿ ನೋಡಬೇಕಾದ್ದು, ಇನ್ನು ಅರ್ಜಿ ಹಾಕೋ ಜಾಗಗಳಿಗೆ ಈ ಅಂಕ ಕಳಿಸಬೇಕೋ ಬೇಡವೋ ಅನ್ನೋದು. ಎಂಐಟಿ 2022ರಲ್ಲೇ ಅಂಕ ಕಡ್ಡಾಯ ಮಾಡಿತು, ಡಾರ್ಟ್‌ಮತ್, ಹಾರ್ವರ್ಡ್ 2024ರಲ್ಲಿ ಮಾಡಿದವು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅಂಕ ಕಳಿಸಿದರೂ ನೋಡೋದಿಲ್ಲ. ಮಿಕ್ಕ ಎಷ್ಟೋ ಕಡೆ ಅದು ನಿಮ್ಮಿಷ್ಟ. ಒಂದೊಂದು ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಅಂತ ಸೇರಿಸಿ ಹುಡುಕಿ, ಒಂದು ಪಿಡಿಎಫ್ ಸಿಗುತ್ತೆ. ಅದರ ಸಿ9 ಭಾಗದಲ್ಲಿ ಸೇರಿದ ಮಕ್ಕಳ ಅಂಕ ಎಷ್ಟರಿಂದ ಎಷ್ಟರವರೆಗೆ ಅಂತ ಇರುತ್ತೆ. 1380 ಅದರ ಒಳಗೆ ಬಂದರೆ ಕಳಿಸಿ, ಕೆಳಗೆ ಇದ್ದರೆ ಕಳಿಸದೆ ಇರೋದೇ ವಾಸಿ. ಅದೇ ಪಿಡಿಎಫ್‌ನ ಸಿ7 ಕೂಡ ನೋಡಿ. ವಿದ್ಯಾರ್ಥಿ ತೋರಿಸೋ ಆಸಕ್ತಿಯನ್ನು ಅವರು ಲೆಕ್ಕಕ್ಕೆ ತಗೋತಾರಾ ಇಲ್ಲವಾ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತೆ.

ಡಿಫರ್ ಮಾಡಿದ ಯೂನಿವರ್ಸಿಟಿಗೆ ಅವಳು ಒಂದು ಪತ್ರ ಬರೀಬಹುದು, ನಾನು ಇನ್ನೂ ನಿಮ್ಮಲ್ಲಿ ಓದೋಕೆ ಇಷ್ಟಪಡ್ತೀನಿ ಅಂತ. ಬರೆಯೋ ಮೊದಲು ಅವರ ಪೋರ್ಟಲ್ ಸರಿಯಾಗಿ ಓದಿ. ಕೆಲವರು ಪತ್ರ ಬೇಡ, ಈ ಫಾರ್ಮ್ ತುಂಬಿ ಸಾಕು ಅಂತಾರೆ. ಆಗ ಅಷ್ಟೇ ಮಾಡಬೇಕು. ಪತ್ರ ಒಂದು ಪುಟ ದಾಟಬಾರದು, ಅವಳೇ ಬರೀಬೇಕು, ನೀವು ಬರೆದುಕೊಡಬೇಡಿ. ನಮ್ಮ ಮಗನ ಮೊದಲ ಕರಡು 'ಚಿಕ್ಕಂದಿನಿಂದ ನನ್ನ ಕನಸು' ಅಂತ ಶುರುವಾಗಿತ್ತು, ಪೂರ್ತಿ ಬೇಡಿಕೊಳ್ಳೋ ಧಾಟಿ. ಅವನ ಇಂಗ್ಲಿಷ್ ಟೀಚರ್ ಒಂದೇ ಪ್ರಶ್ನೆ ಕೇಳಿದರು: ನವೆಂಬರ್ ಆದ ಮೇಲೆ ಹೊಸದಾಗಿ ಏನಾಯ್ತು? ಆಗ ನೆನಪಾಗಿದ್ದು ಲೈಬ್ರರಿ. ಶನಿವಾರ ನಮ್ಮೂರಿನ ಲೈಬ್ರರಿಯಲ್ಲಿ ವಯಸ್ಸಾದವರ ಲ್ಯಾಪ್‌ಟಾಪ್ ರಿಪೇರಿ ಮಾಡ್ತಿದ್ದ, ಒಬ್ಬ ಅಜ್ಜನ ಲ್ಯಾಪ್‌ಟಾಪ್‌ನ ಹಿಂಜ್ ಮುರಿದಾಗ ಅದಕ್ಕೆ ಬೇಕಾದ ಬಿಡಿಭಾಗವನ್ನು ಶಾಲೆಯ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಕೊಟ್ಟಿದ್ದ. ಅದನ್ನು ಬರೆದ, ಭೌತಶಾಸ್ತ್ರದಲ್ಲಿ ಗ್ರೇಡ್ ಮೇಲೆ ಬಂದಿದ್ದನ್ನು ಬರೆದ, ಅಲ್ಲಿನ ಯಾವ ಲ್ಯಾಬ್‌ನಲ್ಲಿ ಕೆಲಸ ಮಾಡೋ ಆಸೆ ಅಂತ ಬರೆದ. ಕನಸು ಗಿನಸು ಎಲ್ಲ ಹೋಯ್ತು. ಸೀಟು ಸಿಗಲಿಲ್ಲ, ನಿಜ. ಆದರೆ ಅದನ್ನು ಬರೆದ ಮೇಲೆ ಹುಡುಗ ನೆಟ್ಟಗೆ ಕೂತ. ತಾನು ಏನು ಮಾಡಿದ್ದೀನಿ ಅನ್ನೋದು ಅವನ ಕಣ್ಣಿಗೇ ಬಿತ್ತು.

ಇದರ ಜೊತೆ ಮೊದಲ ಸೆಮಿಸ್ಟರ್ ಗ್ರೇಡು ಹೋಗುತ್ತೆ, ಅದನ್ನು ಶಾಲೆಯ ಕೌನ್ಸೆಲರ್ ಕಳಿಸ್ತಾರೆ. ಡಿಫರ್ ಆದವರ ಫೈಲಿನಲ್ಲಿ ಹೊಸದಾಗಿ ಸೇರೋದು ಮುಖ್ಯವಾಗಿ ಅದೇ. ಹಾಗಾಗಿ ಜನವರಿಯ ಪರೀಕ್ಷೆಗಳಿಗೆ ಅವಳು ಓದೋದು ಎಸ್‌ಎಟಿ ಕೋಚಿಂಗ್‌ಗಿಂತ ಮುಖ್ಯ.

ಉಳಿದ ಅರ್ಜಿಗಳ ಗಡುವು ತುಂಬ ಹತ್ತಿರ ಇದೆ, ಹಲವು ಕಡೆ ಜನವರಿ 1, ಇನ್ನು ಕೆಲವು ಕಡೆ 5, 15. ಬೇಜಾರಿನಲ್ಲಿ ಇವು ಕೈತಪ್ಪೋದೇ ನಿಜವಾದ ನಷ್ಟ. ಪಟ್ಟಿಯಲ್ಲಿ ಅವಳಿಗೆ ಖಂಡಿತ ಸಿಗೋ, ನಿಮ್ಮ ಕೈಗೂ ಎಟುಕೋ ಎರಡು ಮೂರು ಕಾಲೇಜು ಇರಲಿ, ಹೋಗೋಕೆ ಅವಳಿಗೆ ನಿಜವಾಗಿಯೂ ಮನಸ್ಸಿರೋ ಅಂಥವು. ಯಾರಾದರೂ 'ಅರ್ಲಿ ಡಿಸಿಷನ್ ಎರಡನೇ ಸುತ್ತಿಗೆ ಹಾಕಿಬಿಡಿ' ಅಂದರೆ ದುಡುಕಬೇಡಿ. ಅಲ್ಲಿ ಸೀಟು ಸಿಕ್ಕರೆ ಸೇರಲೇಬೇಕು, ಬೇರೆ ಕಡೆ ಎಷ್ಟು ಸ್ಕಾಲರ್‌ಶಿಪ್ ಬರುತ್ತೆ ಅಂತ ಹೋಲಿಸಿ ನೋಡೋಕೆ ಅವಕಾಶ ಇರಲ್ಲ. ಮೊದಲು ಆ ಕಾಲೇಜಿನ ವೆಬ್‌ಸೈಟಿನಲ್ಲಿ, ನಿಮಗೆ ನಿಜವಾಗಿ ಎಷ್ಟು ಖರ್ಚು ಬೀಳಬಹುದು ಅಂತ ಅಂದಾಜು ತೋರಿಸೋ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಆದಾಯ ಹಾಕಿ ನೋಡಿ, ಗಂಡ ಹೆಂಡತಿ ಕೂತು ಮಾತಾಡಿ.

ಬೆಂಗಳೂರಿನ ಫೋನ್ ಬಗ್ಗೆ. ಅಜ್ಜಿಗೆ ಡಿಫರ್, ರೆಗ್ಯುಲರ್ ಅಂತೆಲ್ಲ ವಿವರಿಸೋಕೆ ಹೋಗಬೇಡಿ. 'ಇನ್ನೂ ತೀರ್ಮಾನ ಆಗಿಲ್ಲಮ್ಮ, ಮಾರ್ಚ್ ಕೊನೆಗೆ ಗೊತ್ತಾಗುತ್ತೆ' ಅನ್ನಿ. ಅದು ನೂರಕ್ಕೆ ನೂರು ನಿಜ. ಅಂಕ ಎಷ್ಟು ಅಂತ ಕೇಳಿದರೆ ಹೇಳೋದು ಬಿಡೋದು ಮಗಳ ಇಷ್ಟ, ಅವಳನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕನ್ನಡ ಕೂಟದ ಸಂಕ್ರಾಂತಿಗೆ ಬರಲ್ಲ ಅಂದರೂ ಈ ಸಲ ಒತ್ತಾಯ ಮಾಡಬೇಡಿ. ಅಲ್ಲಿ ಎಲ್ಲರೂ ಕೇಳೋದು ಅದೊಂದೇ ಪ್ರಶ್ನೆ.

ಅವಳು ಪತ್ರ ಬರೆದ ಮೇಲೆ ಇನ್ನೊಬ್ಬರು ಓದಲಿ ಅನ್ನಿಸಿದರೆ, ಮೊದಲು ಅವಳ ಒಪ್ಪಿಗೆ ತಗೊಂಡು, ಹೆಸರು, ಶಾಲೆ ಎಲ್ಲ ತೆಗೆದು ಇಲ್ಲೇ ಹಾಕಿ. ನಾನು ಓದಿ ಹೇಳ್ತೀನಿ. ಮಗನಿಗೂ ತೋರಿಸ್ತೀನಿ, ಅವನು ಓದಿದರೆ ನನಗಿಂತ ಚೆನ್ನಾಗಿ ಹೇಳ್ತಾನೆ.