ಮೂರು ಸೀಟು ಕೈಯಲ್ಲಿವೆ, ಯಾವುದನ್ನು ಹಿಡಿಯಲಿ?

ಓದುಗರ ಪ್ರಶ್ನೆಗಳಿಗೆ ಉತ್ತರ: ಈ ವಾರ ಫಾರ್ಮಸಿ ಓದು

ಪ್ರಶ್ನೆ: ಈ ವರ್ಷ ಬಿ.ಫಾರ್ಮ್ ಮುಗಿಸಿದ್ದೇನೆ. ಎಂ.ಫಾರ್ಮ್ ಪ್ರವೇಶ ಪರೀಕ್ಷೆಯಾದ ಜಿಪ್ಯಾಟ್‌ನಲ್ಲಿ ಅರ್ಹಳಾಗಿದ್ದು, ಮೈಸೂರಿನ ಕಾಲೇಜೊಂದರಲ್ಲಿ ಎಂ.ಫಾರ್ಮ್ ಫಾರ್ಮಾಸ್ಯೂಟಿಕ್ಸ್ (ಔಷಧವನ್ನು ಮಾತ್ರೆ, ಕ್ಯಾಪ್ಸೂಲ್ ಮುಂತಾದ ರೂಪಕ್ಕೆ ತರುವ ವಿಷಯ) ಸೀಟು ಸಿಕ್ಕಿದೆ. ಬೆಂಗಳೂರಿನಲ್ಲಿ ಬಿ.ಫಾರ್ಮ್ ಆದವರಿಗಿರುವ ಮೂರು ವರ್ಷದ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಸೀಟೂ ಇದೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಎಂ.ಎಸ್.ಗೆ ಪ್ರವೇಶಪತ್ರ ಬಂದಿದೆ, ಆದರೆ ವಿದ್ಯಾರ್ಥಿವೇತನ ಇಲ್ಲ. ಅಮ್ಮನಿಗೆ ನನ್ನ ಹೆಸರಿನ ಹಿಂದೆ ‘ಡಾ.’ ನೋಡುವ ಆಸೆ. ನ್ಯೂಜೆರ್ಸಿಯಲ್ಲಿರುವ ಅತ್ತೆಯ ಮಗ, ‘ಎಂ.ಎಸ್. ಮುಗಿಸು, ಇಲ್ಲೇ ಫಾರ್ಮಸಿಸ್ಟ್ ಆಗಬಹುದು’ ಎನ್ನುತ್ತಾನೆ. ಅಪ್ಪ ಅಡಿಕೆ ತೋಟ ಅಡವಿಟ್ಟು ಸಾಲ ತೆಗೆಯಲು ಸಿದ್ಧರಿದ್ದಾರೆ. ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ಹುಣಸೆ ಬೀಜದ ಅಂಟನ್ನು ಬೈಂಡರ್ (ಪುಡಿಯನ್ನು ಹಿಡಿದಿಡುವ ವಸ್ತು) ಆಗಿ ಬಳಸಿ ಪ್ಯಾರಸಿಟಮಾಲ್ ಮಾತ್ರೆ ಮಾಡಿದ್ದೆ. ಮಾತ್ರೆಯ ತಲೆ ಕಳಚಿ ಬೀಳುತ್ತಿತ್ತು. ಗ್ರಾನ್ಯೂಲ್ (ಮಾತ್ರೆಯಾಗಿ ಒತ್ತುವ ಮೊದಲಿನ ಕಾಳುಕಾಳಾದ ಪುಡಿ) ಅತಿಯಾಗಿ ಒಣಗಿದ್ದೇ ಕಾರಣ ಎಂದು ಕಂಡುಕೊಂಡು ಸರಿಪಡಿಸಿದೆ. ಆ ಒಂದು ತಿಂಗಳು ಮನೆಗೆ ಫೋನ್ ಮಾಡುವುದನ್ನೂ ಮರೆತಿದ್ದೆ. ನಾನು ಯಾವುದಕ್ಕೆ ಸೇರಲಿ?
— ಹೆಸರು ಬೇಡ, ಶಿರಸಿ

ಉತ್ತರ: ಮೈಸೂರಿನ ಸೀಟಿಗೆ ಸೇರಿ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುವ ಮೊದಲು ಅತ್ತೆಯ ಮಗನ ಮಾತನ್ನು ತಿದ್ದಬೇಕು. ನಿಮ್ಮ ಅಪ್ಪ ತೋಟ ಅಡವಿಡಲು ಹೊರಟಿರುವುದು ಅದೇ ಮಾತನ್ನು ನಂಬಿ.

ಅಮೆರಿಕದಲ್ಲಿ ಎಂ.ಎಸ್. ಮಾಡಿದ ಮಾತ್ರಕ್ಕೆ ಯಾರೂ ಫಾರ್ಮಸಿಸ್ಟ್ ಆಗುವುದಿಲ್ಲ. ಅಲ್ಲಿ ಆ ವೃತ್ತಿಗೆ ಇರುವ ಪದವಿ ಫಾರ್ಮ್.ಡಿ, ಅದು ಮುಗಿದ ಮೇಲೆ ನ್ಯಾಪ್ಲೆಕ್ಸ್ ಎಂಬ ಪರೀಕ್ಷೆ, ಆಮೇಲೆ ರಾಜ್ಯದ ಪರವಾನಗಿ. ಹೊರದೇಶಗಳಲ್ಲಿ ಓದಿದವರಿಗೆ ಎಫ್‌ಪಿಜಿಇಇ ಎಂಬ ಅರ್ಹತಾ ಪರೀಕ್ಷೆ ಇದೆ ನಿಜ. ಆದರೆ 2003ರ ಜನವರಿ 1ರಿಂದ ಈಚೆಗೆ ಪದವಿ ಪಡೆದವರು ಅದಕ್ಕೆ ಕೂರಬೇಕಾದರೆ ಅವರ ಫಾರ್ಮಸಿ ಪದವಿ ಕನಿಷ್ಠ ಐದು ವರ್ಷದ್ದಾಗಿರಬೇಕು. ನಮ್ಮ ಬಿ.ಫಾರ್ಮ್ ನಾಲ್ಕು ವರ್ಷದ್ದು. ಅದರ ಮೇಲೆ ಎರಡು ವರ್ಷದ ಎಂ.ಎಸ್. ಸೇರಿಸಿ ಆರು ವರ್ಷವಾಯಿತು ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಿಮ್ಮ ಅತ್ತೆಯ ಮಗನಿಗೆ ಇದು ಗೊತ್ತಿರಲಾರದು. ಆತ ಬೇರೆ ಕ್ಷೇತ್ರದವನಾಗಿದ್ದರೆ ತಪ್ಪು ಹಿಡಿಯುವಂತೆಯೂ ಇಲ್ಲ. ಆದರೆ ಈ ಮಾತು ಪ್ರತಿ ವರ್ಷ ಎಷ್ಟೋ ಮನೆಗಳನ್ನು ಹೊಕ್ಕು, ಅಪ್ಪಂದಿರನ್ನು ಬ್ಯಾಂಕಿನ ಬಾಗಿಲಿಗೆ ಕಳಿಸುತ್ತಿದೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗೆಂದು ಎಂ.ಎಸ್. ವ್ಯರ್ಥವಲ್ಲ. ಅದು ಔಷಧ ಕಂಪನಿಗಳ ಪ್ರಯೋಗಾಲಯದ ದಾರಿ, ಮತ್ತು ನ್ಯೂಜೆರ್ಸಿಯಲ್ಲಿ ಅಂಥ ಕಂಪನಿಗಳು ಬಹಳ. ಓದು ಮುಗಿದ ಮೇಲೆ 12 ತಿಂಗಳು, ವಿಜ್ಞಾನದ ಪದವಿಯಾದರೆ ಇನ್ನೂ 24 ತಿಂಗಳು ಅಲ್ಲಿ ಕೆಲಸ ಮಾಡಲು ಅವಕಾಶವಿದೆ. ಅದಾದ ಮೇಲೆ ಎಚ್-1ಬಿ ಉದ್ಯೋಗ ವೀಸಾ, ಅಂದರೆ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಅಲ್ಲಿನ ಸರ್ಕಾರ ಘೋಷಿಸಿತು. ಆ ದೇಶದೊಳಗೇ ಇದ್ದು ವೀಸಾ ಬದಲಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಅದು ಅನ್ವಯಿಸದು ಎಂಬ ವಿವರಣೆ ಆಮೇಲೆ ಬಂತು. ನಿಯಮಗಳು ಹೀಗೆ ಹೊರಳಾಡುತ್ತಿರುವಾಗ ಮನೆಯ ಇರುವ ಒಂದೇ ಆಸ್ತಿಯನ್ನು ಒತ್ತೆಯಿಡುವುದು ಸರಿಯಲ್ಲ. ಸಾಲದ ಕಂತು ಓದು ಮುಗಿದ ಮೇಲೆ ಶುರುವಾದರೂ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಅಡಿಕೆಗೆ ಕೊಳೆ ರೋಗ ಬಂದ ವರ್ಷ ಮನೆ ಹೇಗೆ ನಡೆಯಿತು ಎಂಬುದನ್ನು ನೀವು ಕಣ್ಣಾರೆ ಕಂಡಿರುತ್ತೀರಿ.

ಇನ್ನು ಫಾರ್ಮ್.ಡಿ. ನಮ್ಮ ದೇಶದಲ್ಲಿ ಇದು 2008ರಲ್ಲಿ ಬಂದ ಪದವಿ. ಪಿಯುಸಿ ನಂತರ ಸೇರಿದರೆ ಆರು ವರ್ಷ. ನಿಮ್ಮಂಥ ಬಿ.ಫಾರ್ಮ್ ಪದವೀಧರರಿಗೆ ಮೂರು ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಬೆಳಿಗ್ಗೆ ವಾರ್ಡ್ ಸುತ್ತಬೇಕು, ಕೇಸ್ ಶೀಟ್ ಓದಬೇಕು, ಮೂತ್ರಪಿಂಡ ಕುಂದಿದ ರೋಗಿಗೆ ಬರೆದ ಆಂಟಿಬಯಾಟಿಕ್ ಪ್ರಮಾಣ ಹೆಚ್ಚಾಯಿತೆಂದು ವೈದ್ಯರಿಗೆ ಹೇಳುವ ಧೈರ್ಯ ಬೇಕು, ಇನ್‌ಹೇಲರ್‌ನಲ್ಲಿ ಹಾಕಿ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿರುವ ಅಜ್ಜನ ಪಕ್ಕ ಕೂತು ತಾಳ್ಮೆಯಿಂದ ಕಲಿಸಬೇಕು. ಬಹಳ ಅಗತ್ಯದ ಕೆಲಸ ಅದು, ಅದಕ್ಕೆಂದೇ ಹುಟ್ಟಿದಂಥ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ. ಆದರೆ ನಿಮ್ಮ ಪತ್ರದಲ್ಲಿ ಒಬ್ಬ ರೋಗಿಯೂ ಇಲ್ಲ. ಇರುವುದು ಮಾತ್ರೆ.

ಪೀಣ್ಯದ ಕಾರ್ಖಾನೆಯೊಂದರ ಮಾತ್ರೆ ವಿಭಾಗದಲ್ಲಿ ಬಹುಕಾಲ ದುಡಿದು ಆಮೇಲೆ ಪಾಠ ಹೇಳಲು ಬಂದವಳು ನಾನು. ಆದ್ದರಿಂದ ಆ ನಾಲ್ಕು ಸಾಲು ನನ್ನನ್ನು ಹಿಡಿದು ನಿಲ್ಲಿಸಿದವು. ಪ್ಯಾರಸಿಟಮಾಲ್ ಈ ವಿಷಯದಲ್ಲಿ ಹಟಮಾರಿ. ಅದರ ಹರಳುಗಳು ಪುಡಿಯನ್ನು ಮಾತ್ರೆಯಾಗಿ ಒತ್ತುವ ಪಂಚ್‌ನ ಒತ್ತಡಕ್ಕೆ ಬಗ್ಗಿದಂತೆ ಮಾಡಿ, ಒತ್ತಡ ಸರಿದೊಡನೆ ಮತ್ತೆ ಹಿಗ್ಗುತ್ತವೆ. ಆ ಹಿಗ್ಗುವಿಕೆಯಲ್ಲಿ ಮಾತ್ರೆಯ ಮೇಲ್ಭಾಗ ಟೋಪಿಯಂತೆ ಕಳಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಕ್ಯಾಪಿಂಗ್ ಎನ್ನುವುದು ಇದಕ್ಕೇ. ಹೆಚ್ಚಿನವರು ಬೈಂಡರ್ ಸುರಿಯುತ್ತಾರೆ ಅಥವಾ ಒತ್ತಡ ಏರಿಸುತ್ತಾರೆ. ಒತ್ತಡ ಏರಿಸಿದರೆ ಕೆಲವೊಮ್ಮೆ ಇನ್ನಷ್ಟು ಕಳಚುತ್ತದೆ. ಬೈಂಡರ್ ಹೆಚ್ಚಾದರೆ ಮಾತ್ರೆ ಗಟ್ಟಿಯಾಗುತ್ತದೆ, ಆದರೆ ನೀರಿನಲ್ಲಿ ಬೇಗ ಒಡೆಯುವುದಿಲ್ಲ. ನೀವು ಹಿಂದಕ್ಕೆ ಹೋಗಿ ಗ್ರಾನ್ಯೂಲ್‌ನ ತೇವಾಂಶ ಅಳೆದಿರಿ. ಡ್ರೈಯರ್‌ನಲ್ಲಿ ಅತಿಯಾಗಿ ಒಣಗಿದ ಗ್ರಾನ್ಯೂಲ್‌ಗೆ ಕಣಕಣ ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ ಎಂದು ಯಾರೂ ಹೇಳದೆ ತಲುಪಿದಿರಿ. ಔಷಧ ಕಂಪನಿಗಳಲ್ಲಿ ಮಾತ್ರೆಗಳನ್ನು ರೂಪಿಸುವ ಫಾರ್ಮುಲೇಷನ್ ವಿಭಾಗಗಳು ಹುಡುಕುವುದು ಇಂಥ ತಲೆಯನ್ನೇ. ಫೋನ್ ಮಾಡಲು ಮರೆತ ತಿಂಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಣದ ಕಡೆಯಿಂದ ನೋಡಿದರೂ ಮೈಸೂರಿನ ಸೀಟೇ ಸರಿ. ಜಿಪ್ಯಾಟ್ ಅರ್ಹತೆಯೊಂದಿಗೆ ಎಂ.ಫಾರ್ಮ್ ಸೇರಿದವರಿಗೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ, ಗರಿಷ್ಠ 24 ತಿಂಗಳು. ನಿಮ್ಮ ಫಾರ್ಮ್.ಡಿ ಸೀಟಿಗೆ ಇದು ಇಲ್ಲ. ಆದರೆ ಈ ಹಣ ತಾನಾಗಿ ಖಾತೆಗೆ ಬಂದು ಬೀಳುವುದಿಲ್ಲ. ಕಾಲೇಜು ನಿಗದಿತ ದಿನದೊಳಗೆ ಪೋರ್ಟಲ್‌ನಲ್ಲಿ ನಿಮ್ಮ ಗುರುತಿನ ಸಂಖ್ಯೆ ಸೃಷ್ಟಿಸಬೇಕು, ನಿಮ್ಮ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಶುಲ್ಕ ಕಟ್ಟುವ ಮೊದಲೇ ಕಚೇರಿಗೆ ಹೋಗಿ, ಈ ಕೆಲಸ ನೋಡಿಕೊಳ್ಳುವವರು ಯಾರು, ಹಿಂದಿನ ತಂಡಕ್ಕೆ ಹಣ ಯಾವ ತಿಂಗಳು ಬಂತು ಎಂದು ಕೇಳಿ. ಉತ್ತರ ತಡವರಿಸಿದರೆ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ.

ಅದೇ ದಿನ ಮಾತ್ರೆ ಯಂತ್ರದ ಕೋಣೆಯನ್ನೂ ತೋರಿಸಿ ಎನ್ನಿ. ಲಾಗ್ ಪುಸ್ತಕ ತೆರೆದು ಕೊನೆಯ ನಮೂದು ಯಾವಾಗಿನದು ನೋಡಿ. ಪಂಚ್‌ಗಳು ಎಣ್ಣೆ ಸವರಿಕೊಂಡು ಸಾಲಾಗಿ ಇವೆಯೋ, ತುಕ್ಕು ಹಿಡಿದಿವೆಯೋ ಗಮನಿಸಿ. ಎಂ.ಫಾರ್ಮ್‌ನ ಮೊದಲ ಎರಡು ಸೆಮಿಸ್ಟರ್ ಪಾಠ, ಮುಂದಿನ ಎರಡು ಸಂಶೋಧನೆ. ಆ ಒಂದು ವರ್ಷ ಯಂತ್ರ ಕೆಟ್ಟು ನಿಂತಿದ್ದರೆ ಪ್ರಬಂಧ ಬೇರೆಯವರ ಅಂಕಿಅಂಶದ ಮೇಲೆ ನಿಲ್ಲುತ್ತದೆ. ನಿಮ್ಮಂಥವರಿಗೆ ಅದು ಸಹಿಸಲಾಗದು. ಮಾರ್ಗದರ್ಶಕರು ಯಾರಾಗುತ್ತಾರೆ, ಅವರ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದೂ ತಿಳಿದುಕೊಳ್ಳಿ.

ಅಮೆರಿಕ ಎಲ್ಲಿಗೂ ಹೋಗುವುದಿಲ್ಲ. ಎಂ.ಫಾರ್ಮ್ ಮುಗಿಸಿ, ಒಂದೆರಡು ಒಳ್ಳೆಯ ಸಂಶೋಧನಾ ಲೇಖನ ಬರೆದು, ಅಲ್ಲಿನ ಪಿಎಚ್.ಡಿ.ಗೆ ಅರ್ಜಿ ಹಾಕಿ. ಎಂ.ಎಸ್. ಸಾಮಾನ್ಯವಾಗಿ ಸ್ವಂತ ಖರ್ಚಿನದು, ಫಾರ್ಮಾಸ್ಯೂಟಿಕ್ಸ್ ಪಿಎಚ್.ಡಿ.ಯಲ್ಲಿ ಶುಲ್ಕ ಮನ್ನಾ ಮಾಡಿ ತಿಂಗಳ ವೇತನ ಕೊಡುವುದು ಅಲ್ಲಿ ವಾಡಿಕೆ. ಆಗ ತೋಟದ ಪಹಣಿ ಪತ್ರ ಬ್ಯಾಂಕಿಗೆ ಹೋಗಬೇಕಿಲ್ಲ, ಅಮ್ಮನ ‘ಡಾ.’ ಕೂಡ ಬರುತ್ತದೆ. ಈ ಮಾತನ್ನು ಅವರಿಗೆ ಓದಿ ಹೇಳಿ.

ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ಬಿ.ಫಾರ್ಮ್ ಮತ್ತು ಫಾರ್ಮ್.ಡಿ ಎರಡೂ ಸಿಗುವ ರ‍್ಯಾಂಕ್ ಬಂದಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ಆಸೆ ಅವಳದು. ಆರು ವರ್ಷ ಓದಿಸುವುದು ನಮಗೆ ಭಾರ. ಏನು ಮಾಡಲಿ?
— ಒಬ್ಬ ತಂದೆ, ಕಲಬುರಗಿ

ಉತ್ತರ: ಆಸ್ಪತ್ರೆಯ ಆಸೆ ಅವಳದೇ ಆಗಿದ್ದರೆ ಫಾರ್ಮ್.ಡಿ ಓದಿಸಿ. ಇಲ್ಲಿ ಕಾಲೇಜಿಗಿಂತ ಮುಖ್ಯವಾದದ್ದು ಅದಕ್ಕೆ ಜೋಡಿಸಿದ ಆಸ್ಪತ್ರೆ. ಕನಿಷ್ಠ 300 ಹಾಸಿಗೆಯ ಆಸ್ಪತ್ರೆ ಇರಬೇಕೆಂಬ ನಿಯಮವಿದೆ, ಕಾಗದದ ಮೇಲೆ ಎಲ್ಲರಿಗೂ ಇರುತ್ತದೆ. ನೀವು ಮಗಳನ್ನು ಕರೆದುಕೊಂಡು ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಆಸ್ಪತ್ರೆಯ ಮೆಡಿಸಿನ್ ವಾರ್ಡಿನ ಹೊರಗೆ ನಿಲ್ಲಿ. ವೈದ್ಯರ ಜೊತೆ ಫಾರ್ಮ್.ಡಿ ವಿದ್ಯಾರ್ಥಿಗಳು ರೌಂಡ್ಸ್‌ಗೆ ಹೋಗುತ್ತಾರೆಯೇ, ಅವರು ಬರೆದ ಟಿಪ್ಪಣಿಯನ್ನು ಯಾರಾದರೂ ಓದುತ್ತಾರೆಯೇ ಎಂದು ಅಲ್ಲಿನ ನರ್ಸ್‌ಗಳನ್ನು ಕೇಳಿ. ‘ಅವರು ಮೂಲೆಯಲ್ಲಿ ನಿಂತಿರುತ್ತಾರೆ’ ಎಂಬ ಉತ್ತರ ಬಂದರೆ ಬೇರೆ ಕಾಲೇಜು ನೋಡಿ.

ಆರು ವರ್ಷದ ಈ ಪದವಿ ಇದ್ದರೆ ಮೇಲೆ ಹೇಳಿದ ಅಮೆರಿಕದ ಐದು ವರ್ಷದ ಷರತ್ತು ಅಡ್ಡಬರುವುದಿಲ್ಲ. ಕೆನಡಾ ಮಾತ್ರ ನಾಲ್ಕು ವರ್ಷದ ಬಿ.ಫಾರ್ಮ್ ಆದವರನ್ನೂ ತನ್ನ ಪರೀಕ್ಷೆಗಳಿಗೆ ಪರಿಗಣಿಸುತ್ತದೆ. ಖರ್ಚೇ ದೊಡ್ಡ ಚಿಂತೆಯಾದರೆ ಈಗ ಬಿ.ಫಾರ್ಮ್‌ಗೆ ಸೇರಿಸಿ, ನಾಲ್ಕು ವರ್ಷದ ಮೇಲೂ ಅವಳ ಮನಸ್ಸು ಆಸ್ಪತ್ರೆಯಲ್ಲೇ ಇದ್ದರೆ ಮೂರು ವರ್ಷದ ಫಾರ್ಮ್.ಡಿ ಮಾಡಿಸಬಹುದು. ಒಟ್ಟು ಒಂದು ವರ್ಷ ಹೆಚ್ಚಾಗುತ್ತದೆ. ಆ ಸೀಟುಗಳು ಒಂದು ಕಾಲೇಜಿಗೆ ಹತ್ತೇ ಎಂಬುದು ನೆನಪಿರಲಿ.

ಪ್ರಶ್ನೆ: ಒಂದು ಕಾಲೇಜಿನಲ್ಲಿ ಎಂ.ಫಾರ್ಮ್‌ಗೆ ಶುಲ್ಕ ಕಟ್ಟಿದ್ದೆ. ಈಗ ಕೇಂದ್ರ ಸರ್ಕಾರದ ಔಷಧ ಶಿಕ್ಷಣ ಸಂಸ್ಥೆಯಾದ ನೈಪರ್ ಹೈದರಾಬಾದ್‌ನಲ್ಲಿ ಸೀಟು ಸಿಕ್ಕಿದೆ. ಕಾಲೇಜಿನವರು ಮೂಲ ಅಂಕಪಟ್ಟಿ ಕೊಡುತ್ತಿಲ್ಲ.
— ಓದುಗ, ಶಿವಮೊಗ್ಗ

ಉತ್ತರ: ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ ಅಲ್ಲೇ ಹಿಂದಿರುಗಿಸಬೇಕು ಎಂದು ಯುಜಿಸಿ 2018ರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಸೀಟು ಬಿಡುತ್ತಿರುವುದಾಗಿ ಇಂದೇ ಪತ್ರ ಬರೆದು ಪ್ರಾಂಶುಪಾಲರ ಕಚೇರಿಗೆ ಕೊಟ್ಟು, ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅದೇ ಪತ್ರವನ್ನು ಇಮೇಲ್‌ನಲ್ಲೂ ಕಳಿಸಿ. ದಿನಾಂಕ ಮುಖ್ಯ, ಏಕೆಂದರೆ ಎಷ್ಟು ಶುಲ್ಕ ವಾಪಸ್ಸು ಬರುತ್ತದೆ ಎಂಬುದು ನೀವು ಸೀಟು ಬಿಟ್ಟ ದಿನದ ಮೇಲೆ ನಿಂತಿದೆ. ಆಗಲೂ ಕೊಡದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಪ್ರತಿಯನ್ನು ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಕುಲಸಚಿವರಿಗೂ ಕಳಿಸಿ. ಈ ನಡುವೆ ಹೈದರಾಬಾದಿಗೆ ಇಮೇಲ್ ಮಾಡಿ, ಮೂಲ ಪ್ರತಿ ಸಲ್ಲಿಸಲು ಕೆಲವು ದಿನಗಳ ಕಾಲಾವಕಾಶ ಕೇಳಿ. ಸ್ವೀಕೃತಿಯ ಮುದ್ರೆ ಬಿದ್ದ ಆ ಪತ್ರದ ಚಿತ್ರವನ್ನೂ ಅದಕ್ಕೆ ಲಗತ್ತಿಸಿ.